ಸಿಪ್ರಿಯನ್ನನ ಎರಡು ನಿರ್ಧಾರಗಳು

ಹುತಾತ್ಮರ ಜೀವನವನ್ನು ನಾವು ಸಾಮಾನ್ಯವಾಗಿ ಕೊನೆಯಿಂದ ಮೊದಲಿಗೆ ಓದುತ್ತೇವೆ. ಸಾವಿನ ಗಳಿಗೆಯಲ್ಲಿ ಅವರು ತೋರಿದ ಧೈರ್ಯದ ಪ್ರಭೆ ಹಿಂದಿನ ಬದುಕಿನ ಮೇಲೆಲ್ಲ ಹರಡಿ, ಅಲ್ಲಿದ್ದ ಅಂಜಿಕೆ, ಅನುಮಾನ, ಆಲೋಚನೆಗಳು ನಮ್ಮ ಕಣ್ಣಿಗೆ ಬೀಳದಂತಾಗುತ್ತವೆ. ಕ್ರಿಸ್ತಶಕ ಮೂರನೆಯ ಶತಮಾನದಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್ ನಗರದ ಬಿಷಪ್ ಆಗಿದ್ದ ಸಿಪ್ರಿಯನ್ನನ ಜೀವನ ಮಾತ್ರ ಹೀಗೆ ಓದಲು ಒಗ್ಗುವುದಿಲ್ಲ. 258ರ ಸೆಪ್ಟೆಂಬರ್ 14ರಂದು ಆತನು ತನ್ನ ಜನರ ಕಣ್ಣೆದುರಿಗೇ ಖಡ್ಗಕ್ಕೆ ಕೊರಳೊಡ್ಡಿದನು. ಆದರೆ ಅದಕ್ಕೆ ಎಂಟು ವರ್ಷಗಳ ಹಿಂದೆ, 250ರಲ್ಲಿ, ಇಂಥದೇ ಆಪತ್ತು ಎದುರಾದಾಗ ಅದೇ ಮನುಷ್ಯನು ನಗರವನ್ನು ತೊರೆದು ಅಡಗಿಕೊಂಡಿದ್ದನು.

ಒಮ್ಮೆ ಅಡಗಿದವನು ಇನ್ನೊಮ್ಮೆ ನಿಂತನು. ಈ ಎರಡರಲ್ಲಿ ಒಂದು ತಪ್ಪಾಗಿರಲೇಬೇಕೆ? ಮೊದಲನೆಯದು ದೌರ್ಬಲ್ಯ, ಎರಡನೆಯದು ಅದಕ್ಕೆ ಪ್ರಾಯಶ್ಚಿತ್ತ ಎಂದು ಕಥೆಯನ್ನು ಮುಗಿಸಿಬಿಡುವುದು ಸುಲಭ. ಆದರೆ ಸಿಪ್ರಿಯನ್ನನು ತನ್ನ ಮೊದಲನೆಯ ನಡೆಗಾಗಿ ಎಂದೂ ಕ್ಷಮೆ ಬೇಡಲಿಲ್ಲ. ಎರಡೂ ಸರಿಯೆಂದೇ ಆತನು ತಿಳಿದಿದ್ದನು. ಜೀವ ಉಳಿಸಿಕೊಳ್ಳುವುದು ಯಾವಾಗ ಧರ್ಮ, ಜೀವ ಕೊಡುವುದು ಯಾವಾಗ ಧರ್ಮ ಎಂಬ ಪ್ರಶ್ನೆಯನ್ನು ಈ ಬದುಕಿನ ಬೆಳಕಿನಲ್ಲಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಸಿಪ್ರಿಯನ್ನನು ಹುಟ್ಟಿನಿಂದ ಕ್ರೈಸ್ತನಲ್ಲ. ಅನುಕೂಲಸ್ಥ ಮನೆತನದವನು, ವೃತ್ತಿಯಿಂದ ಭಾಷಣಶಾಸ್ತ್ರದ ಅಧ್ಯಾಪಕನು. ಆ ಕಾಲದ ರೋಮನ್ ಸಾಮ್ರಾಜ್ಯದಲ್ಲಿ ನ್ಯಾಯಸ್ಥಾನಕ್ಕೂ ರಾಜಸೇವೆಗೂ ಭಾಷಣಕಲೆಯೇ ಹೆಬ್ಬಾಗಿಲಾಗಿತ್ತು; ಅದನ್ನು ಕಲಿಸುವವನಿಗೆ ಸಮಾಜದಲ್ಲಿ ದೊಡ್ಡ ಮರ್ಯಾದೆ. ನಡುವಯಸ್ಸು ದಾಟುತ್ತಿದ್ದಾಗ, ಸುಮಾರು 246ರಲ್ಲಿ, ಆತನು ಕ್ರೈಸ್ತಧರ್ಮಕ್ಕೆ ಸೇರಿ ಆಸ್ತಿಯ ಬಹುಭಾಗವನ್ನು ಬಡವರಿಗೆ ಹಂಚಿದನು. ಎರಡು ಮೂರು ವರ್ಷಗಳಲ್ಲಿಯೇ ಕಾರ್ಥೇಜಿನ ಕ್ರೈಸ್ತ ಜನ ಆತನನ್ನು ಬಿಷಪ್ ಪದವಿಗೆ ಆರಿಸಿದರು. ನಿನ್ನೆ ಮೊನ್ನೆ ಬಂದವನು ಇಂದು ಮೇಲಿನ ಪೀಠದಲ್ಲಿ ಕುಳಿತನೆಂದು ಕೆಲವು ಹಿರಿಯ ಪಾದ್ರಿಗಳಿಗೆ ಅಸಮಾಧಾನವಾಯಿತು. ಮುಂದಿನ ಕಲಹಗಳಿಗೆ ಬೀಜ ಬಿದ್ದುದು ಅಲ್ಲಿಯೇ.

ಪೀಠವೇರಿ ಹೆಚ್ಚು ಕಾಲವಾಗುವ ಮೊದಲೇ ಚಕ್ರವರ್ತಿ ಡೀಸಿಯಸನ ಆಜ್ಞೆ ಹೊರಟಿತು. ಸಾಮ್ರಾಜ್ಯದ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯನ್ನೋ ಧೂಪವನ್ನೋ ಅರ್ಪಿಸಿ, ಪ್ರಸಾದವನ್ನು ಸೇವಿಸಿ, ಹಾಗೆ ಮಾಡಿದ್ದೇವೆಂದು ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕು. ಈ ಪತ್ರಗಳಲ್ಲಿ ನಲವತ್ತಕ್ಕೂ ಹೆಚ್ಚು ಈಜಿಪ್ಟಿನ ಮರಳಿನಡಿಯಲ್ಲಿ ಉಳಿದು ನಮ್ಮ ಕಾಲಕ್ಕೆ ದೊರೆತಿವೆ. ಅವುಗಳಲ್ಲೊಂದು, 250ರ ಜೂನ್ ತಿಂಗಳಿನದು, ಅವ್ರೇಲಿಯಸ್ ಡಯೋಜಿನಿಸ್ ಎಂಬ 72 ವರ್ಷದ ವೃದ್ಧನದು. ಗುರುತಿಗಾಗಿ ಆತನ ಬಲಹುಬ್ಬಿನ ಮೇಲೆ ಗಾಯದ ಕಲೆಯಿದೆಯೆಂದು ಅದರಲ್ಲಿ ಬರೆದಿದೆ. ಆತನು ಕ್ರೈಸ್ತನೆಂದು ಪತ್ರ ಹೇಳುವುದಿಲ್ಲ. ಆಜ್ಞೆ ಎಲ್ಲರಿಗೂ ಅನ್ವಯಿಸುತ್ತಿತ್ತು. ಆದರೂ ಆ ಕಾಗದವನ್ನು ನೆನೆದಾಗ, ಆ ಇಳಿವಯಸ್ಸಿನಲ್ಲಿ ಅಧಿಕಾರಿಗಳ ಎದುರು ಸರದಿಯಲ್ಲಿ ನಿಂತ ಮುದುಕರ ಚಿತ್ರ ಅದೇ ವಯಸ್ಸಿನ ನಮ್ಮ ಕಣ್ಣ ಮುಂದೆ ಬರುತ್ತದೆ. ಒಂದು ಚಿಟಿಕೆ ಧೂಪ, ಒಂದು ತುಣುಕು ಕಾಗದ. ಇಷ್ಟನ್ನು ಮಾಡಿದವನು ಮನೆಗೆ ಹೋಗಬಹುದು, ಮಾಡದವನು ಸೆರೆಮನೆಗೆ.

ರೋಮಿನ ಬಿಷಪ್ ಫೇಬಿಯನ್ 250ರ ಜನವರಿಯಲ್ಲಿ ಪ್ರಾಣತೆತ್ತನು. ಕಾರ್ಥೇಜಿನ ಜನಜಂಗುಳಿ ಸಿಪ್ರಿಯನ್ನನನ್ನು ಸಿಂಹದ ಬಾಯಿಗೆ ಹಾಕಬೇಕೆಂದು ಕೂಗಿತು. ಆತನು ನಗರದಿಂದ ಮರೆಯಾದನು. ಆತನ ಆಸ್ತಿಯನ್ನು ಸರ್ಕಾರ ಮುಟ್ಟುಗೋಲು ಹಾಕಿತು. ಸ್ವಲ್ಪ ಕಾಲದಲ್ಲಿ ರೋಮಿನ ಪಾದ್ರಿವರ್ಗದಿಂದ ಕಾರ್ಥೇಜಿಗೆ ಒಂದು ಓಲೆ ಬಂದಿತು. ಬಿಷಪ್ ಮರೆಯಾದ ಸುದ್ದಿಯನ್ನು ಎತ್ತಿ, ತೋಳ ಬಂದಾಗ ಮಂದೆಯನ್ನು ಬಿಟ್ಟೋಡುವ ಕೂಲಿಯಾಳು ಕುರುಬನ ದೃಷ್ಟಾಂತವನ್ನು ಅದು ನೆನಪಿಸಿತ್ತು. ಓಲೆಯಲ್ಲಿ ಬರೆದವರ ಹೆಸರಿರಲಿಲ್ಲ. ಸಿಪ್ರಿಯನ್ನನು ಸಿಡಿಮಿಡಿಗೊಳ್ಳದೆ ಆ ಓಲೆಯನ್ನೇ ರೋಮಿಗೆ ಹಿಂದಿರುಗಿಸಿ, ಇದು ನಿಜವಾಗಿ ನಿಮ್ಮಿಂದಲೇ ಬಂದುದೆ, ದಯವಿಟ್ಟು ಪರೀಕ್ಷಿಸಿ ತಿಳಿಸಿ ಎಂಬ ಅರ್ಥದಲ್ಲಿ ಬರೆದನು. ಬಳಿಕ ತಾನು ಅಜ್ಞಾತವಾಸದಿಂದ ಬರೆದ ಹದಿಮೂರು ಪತ್ರಗಳ ಪ್ರತಿಗಳನ್ನೇ ಕಳುಹಿಸಿ, ಮಂದೆಯನ್ನು ಬಿಟ್ಟವನು ಹೀಗೆ ಬರೆಯುತ್ತಾನೆಯೆ ಎಂಬುದನ್ನು ಅವರೇ ನಿರ್ಣಯಿಸಲೆಂದು ಬಿಟ್ಟನು.

ಆತನು ಕೊಟ್ಟ ಕಾರಣ ಇಷ್ಟು: ತಾನು ನಗರದಲ್ಲಿ ಉಳಿದರೆ ಗಲಭೆ ಹೆಚ್ಚುತ್ತದೆ, ಜನರ ಕೋಪ ತನ್ನೊಬ್ಬನಲ್ಲಿ ನಿಲ್ಲದೆ ಉಳಿದವರ ಮೇಲೂ ಎರಗುತ್ತದೆ. ದೇಹದಿಂದ ದೂರವಿದ್ದರೂ ಕರ್ತವ್ಯದಿಂದ ತಾನು ದೂರವಿಲ್ಲ. ಪತ್ರಗಳು ಈ ಮಾತಿಗೆ ಸಾಕ್ಷಿಯಾಗಿವೆ. ಸೆರೆಯಲ್ಲಿರುವವರಿಗೆ ಆಹಾರ ಒದಗಿಸುವುದು, ವಿಧವೆಯರನ್ನೂ ರೋಗಿಗಳನ್ನೂ ಬಡವರನ್ನೂ ನೋಡಿಕೊಳ್ಳುವುದು, ಪರಸ್ಥಳದಿಂದ ಬಂದ ನಿರ್ಗತಿಕರಿಗೆ ತಾನು ಬಿಟ್ಟುಬಂದ ಸ್ವಂತ ಹಣದಿಂದ ಕೊಡುವುದು, ಇವೆಲ್ಲದಕ್ಕೂ ಅಲ್ಲಿ ಸೂಚನೆಗಳಿವೆ.

ಇಲ್ಲಿ ಒಂದು ತಾತ್ವಿಕ ವಿವಾದವಿದೆ. ಅದೇ ಕಾರ್ಥೇಜಿನಲ್ಲಿ ಒಂದು ತಲೆಮಾರಿನ ಹಿಂದೆ ಬಾಳಿದ ಟೆರ್ಟುಲಿಯನ್ ಎಂಬ ಪ್ರಖರ ಲೇಖಕನು ಹಿಂಸೆಯ ಕಾಲದಲ್ಲಿ ಪಲಾಯನ ಮಾಡುವುದರ ವಿರುದ್ಧ ಒಂದು ಗ್ರಂಥವನ್ನೇ ಬರೆದಿದ್ದನು. ಹಿಂಸೆಯೂ ದೇವರ ಇಚ್ಛೆಯಿಂದಲೇ ಬರುವುದಾದರೆ ಅದರಿಂದ ತಪ್ಪಿಸಿಕೊಳ್ಳುವುದು ಆ ಇಚ್ಛೆಯನ್ನೇ ನಿರಾಕರಿಸಿದಂತೆ. ಊರಿಂದೂರಿಗೆ ಓಡಿರೆಂದು ಕ್ರಿಸ್ತನು ಹೇಳಿದ್ದು ಆದಿಶಿಷ್ಯರಿಗೆ, ಆ ಸಂದರ್ಭಕ್ಕೆ ಮಾತ್ರ ಎಂಬುದು ಅವನ ವಾದ. ಸಿಪ್ರಿಯನ್ನನು ಟೆರ್ಟುಲಿಯನ್ನನ ಗ್ರಂಥಗಳನ್ನು ಓದದೆ ಒಂದು ದಿನವನ್ನೂ ಕಳೆಯುತ್ತಿರಲಿಲ್ಲ, ಅವನನ್ನು ಗುರುವೆಂದೇ ಕರೆಯುತ್ತಿದ್ದನು ಎಂದು ಜೆರೋಮ್ ದಾಖಲಿಸಿದ್ದಾನೆ. ಅಂಥ ಗುರುವಿನ ಮಾತನ್ನೇ ಈ ಶಿಷ್ಯನು ಮೀರಿದನು. ಅವನಿಗೆ ಇನ್ನೊಂದು ಪೂರ್ವನಿದರ್ಶನವೂ ಇದ್ದಿತು. ಸ್ಮಿರ್ನಾ ನಗರದ ವೃದ್ಧ ಬಿಷಪ್ ಪಾಲಿಕಾರ್ಪನು ಎರಡನೆಯ ಶತಮಾನದ ನಡುಭಾಗದಲ್ಲಿ ಬೆಂಕಿಗೆ ಆಹುತಿಯಾಗುವ ಮೊದಲು, ಜನರ ಒತ್ತಾಯಕ್ಕೆ ಮಣಿದು ಊರ ಹೊರಗಿನ ತೋಟದ ಮನೆಗಳಲ್ಲಿ ತಂಗಿದ್ದನು. ಅದೇ ಸಮಯದಲ್ಲಿ ಕ್ವಿಂಟಸ್ ಎಂಬವನು ತಾನಾಗಿಯೇ ಮುನ್ನುಗ್ಗಿ, ಬೇರೆಯವರನ್ನೂ ಹುರಿದುಂಬಿಸಿ, ಕಾಡುಮೃಗಗಳನ್ನು ಕಂಡೊಡನೆ ಕುಗ್ಗಿ ಬಲಿಯರ್ಪಿಸಿದನು. ತಾವಾಗಿ ಹೋಗಿ ಸಿಕ್ಕಿಕೊಳ್ಳುವವರನ್ನು ನಾವು ಹೊಗಳುವುದಿಲ್ಲವೆಂದು ಸ್ಮಿರ್ನಾದ ಸಭೆ ಆಗಲೇ ತೀರ್ಮಾನಿಸಿತ್ತು.

ಟೆರ್ಟುಲಿಯನ್ನನ ವಾದವನ್ನು ಒಪ್ಪದಿದ್ದರೂ ಅದರ ಹಿಂದಿನ ಆತಂಕವನ್ನು ನಾವು ತಳ್ಳಿಹಾಕಲಾರೆವು. ನನ್ನ ಜೀವ ನನಗಾಗಿ ಬೇಕಿಲ್ಲ, ನಿಮಗಾಗಿ ಬೇಕು ಎಂಬ ಮಾತನ್ನು ಕರ್ತವ್ಯನಿಷ್ಠನೂ ಆಡಬಲ್ಲನು, ಹೇಡಿಯೂ ಆಡಬಲ್ಲನು. ಇಬ್ಬರ ಬಾಯಲ್ಲೂ ವಾಕ್ಯ ಒಂದೇ. ಅಷ್ಟೇ ಅಲ್ಲ, ಅಡಗುವುದಕ್ಕೂ ಅನುಕೂಲ ಬೇಕು. ಹಣವೂ ಸ್ನೇಹಿತರೂ ಇದ್ದವನಿಗೆ ದೊರೆತ ಮರೆ ಕೂಲಿಮಾಡಿ ಉಣ್ಣುವವನಿಗೆ ದೊರೆಯದು. ಕಾರ್ಥೇಜಿನ ಸೆರೆಮನೆಯಲ್ಲಿ ಹಸಿವೆ ಬಾಯಾರಿಕೆಗಳಿಂದ ಸತ್ತವರ ಬಂಧುಗಳು, ದೂರದಿಂದ ಓಲೆ ಬರೆಯುವ ಬಿಷಪ್ಪನನ್ನು ಕುರಿತು ಕಹಿಯಾಗಿ ಮಾತನಾಡಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗಾದರೆ ನಿರ್ಣಯ ಹೇಗೆ? 258ರ ಹುತಾತ್ಮತೆಯನ್ನು ತೋರಿಸಿ, ನೋಡಿ, ಆತನು ಹೇಡಿಯಲ್ಲ ಎಂದು ಹೇಳುವುದು ರೂಢಿ. ಇದರಲ್ಲಿ ಒಂದು ತಾರ್ಕಿಕ ತೊಡಕಿದೆ. ಸಿಪ್ರಿಯನ್ನನು 251ರಲ್ಲಿ ಜ್ವರ ಬಂದು ತೀರಿಕೊಂಡಿದ್ದರೆ? ಆಗ 250ರ ನಡೆ ತಪ್ಪಾಗಿಬಿಡುತ್ತಿತ್ತೆ? ಮಾಡಿದ ಕೆಲಸದ ಸರಿತಪ್ಪು ಎಂಟು ವರ್ಷಗಳ ಅನಂತರದ ಘಟನೆಯಿಂದ ಬದಲಾಗಲಾರದು. ನಮಗೆ ತೋರುವಂತೆ, ಅಡಗಿದ್ದು ಸರಿಯೆ ಎಂಬುದು ಒಂದು ಪ್ರಶ್ನೆ. ಸರಿಯಾದ ಕಾರಣಕ್ಕಾಗಿಯೇ ಅಡಗಿದನೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ 250ರಲ್ಲಿಯೇ ಇದೆ: ನಾಯಕನ ಇರವು ಜನರಿಗೆ ಅಪಾಯ ತರುವಂತಿದ್ದಾಗ, ಮರೆಯಿಂದಲೇ ಅವರನ್ನು ಪೋಷಿಸುವ ದಾರಿಯಿದ್ದಾಗ, ಮರೆಯಾಗುವುದು ಸರಿ. ಎರಡನೆಯದು ಹೃದಯದ ವಿಷಯ. ಅದಕ್ಕೆ ಉತ್ತರ ಆ ಹೊತ್ತಿನಲ್ಲಿ ಹೊರಗಿನವರಿಗೆ ಸಿಗುವಂಥದಲ್ಲ. 258 ಹೊಸ ಪುಣ್ಯವನ್ನು ಹಿಂದಕ್ಕೆ ಕಳುಹಿಸಲಿಲ್ಲ. ಮೊದಲೇ ಇದ್ದುದಕ್ಕೆ ಸಾಕ್ಷಿ ನುಡಿಯಿತು. ಈ ಭೇದವನ್ನು ಗಮನಿಸದಿದ್ದರೆ, ಪ್ರಾಣ ಕೊಡುವ ಸಂದರ್ಭವೇ ಬಾರದ ಸಾವಿರಾರು ಸಾಮಾನ್ಯರ ಪ್ರಾಮಾಣಿಕ ಎಚ್ಚರಿಕೆಯನ್ನೆಲ್ಲ ನಾವು ಹೇಡಿತನದ ಲೆಕ್ಕಕ್ಕೆ ಬರೆದುಬಿಡುತ್ತೇವೆ.

251ರ ವಸಂತದಲ್ಲಿ ಸಿಪ್ರಿಯನ್ನನು ಹಿಂದಿರುಗಿದಾಗ ಆತನಿಗೆ ಎದುರಾದುದು ಇದಕ್ಕಿಂತ ಕಠಿಣವಾದ ಪ್ರಶ್ನೆ. ಬಹುಸಂಖ್ಯೆಯ ಕ್ರೈಸ್ತರು ಆಜ್ಞೆಗೆ ಮಣಿದಿದ್ದರು. ಕೆಲವರು ಬಲಿಯರ್ಪಿಸಿದ್ದರು, ಕೆಲವರು ಧೂಪ ಹಾಕಿದ್ದರು. ಇನ್ನು ಕೆಲವರು ಯಾವುದನ್ನೂ ಮಾಡದೆ ಲಂಚ ಕೊಟ್ಟು ಪ್ರಮಾಣಪತ್ರವನ್ನಷ್ಟೇ ಸಂಪಾದಿಸಿದ್ದರು. ಈಗ ಎಲ್ಲರೂ ಮರಳಿ ಸೇರಲು ಬಯಸಿದರು. ಸೆರೆವಾಸ ಅನುಭವಿಸಿಯೂ ಮಣಿಯದ ವೀರರ ಮಾತಿಗೆ ಆಗ ವಿಶೇಷ ಬೆಲೆಯಿದ್ದಿತು. ಬಿದ್ದವರ ಪರವಾಗಿ ಅವರು ಶಿಫಾರಸು ಪತ್ರಗಳನ್ನು ಬರೆದುಕೊಡುತ್ತಿದ್ದರು. ಇಂಥವನನ್ನು ಅವನ ಪರಿವಾರಸಮೇತ ಸೇರಿಸಿಕೊಳ್ಳಿರಿ ಎಂಬಷ್ಟು ಸಡಿಲವಾಗಿ ಅವು ಹೊರಟವು. ಸುಳ್ಳು ಪ್ರಮಾಣಪತ್ರದಿಂದ ಬಿದ್ದವನು ಸುಲಭದ ಶಿಫಾರಸಿನಿಂದ ಏಳುವಂತಾಯಿತು.

ಮರೆಯಲ್ಲಿದ್ದವನಿಗೆ ಬಿದ್ದವರನ್ನು ವಿಚಾರಿಸುವ ಅಧಿಕಾರವೆಲ್ಲಿಂದ ಬಂತು? ಆತನ ವಿರೋಧಿಗಳು ಈ ಪ್ರಶ್ನೆಯನ್ನು ಬಿಡಲಿಲ್ಲ. ಸಿಪ್ರಿಯನ್ನನ ಮಾರ್ಗ ಗಮನಾರ್ಹವಾದುದು. ಒಬ್ಬನೇ ತೀರ್ಪು ಕೊಡದೆ, ಆಫ್ರಿಕಾದ ಬಿಷಪ್ಪರ ಪರಿಷತ್ತು ಸೇರುವವರೆಗೆ ಆತನು ಕಾದನು. ರೋಮಿನಲ್ಲಿ ನೊವೇಷಿಯನ್ ಎಂಬವನು, ಬಿದ್ದವರಿಗೆ ಧರ್ಮಸಭೆಯ ಬಾಗಿಲು ಎಂದೆಂದಿಗೂ ಮುಚ್ಚಿದೆಯೆಂದನು. ಕಾರ್ಥೇಜಿನಲ್ಲಿಯೇ ಫೆಲಿಸಿಸ್ಸಿಮಸನ ಪಕ್ಷ, ಯಾವ ತಪಸ್ಸೂ ಬೇಡ, ಬಾಗಿಲು ತೆರೆಯಿರಿ ಎಂದಿತು. 251ರ ಪರಿಷತ್ತು ಎರಡನ್ನೂ ನಿರಾಕರಿಸಿತು. ಪತ್ರವನ್ನು ಮಾತ್ರ ಪಡೆದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ, ಪಶ್ಚಾತ್ತಾಪದ ಬಳಿಕ ಸೇರಿಸಿಕೊಳ್ಳುವುದು; ಬಲಿಯರ್ಪಿಸಿದವರು ದೀರ್ಘ ತಪಸ್ಸಿನಲ್ಲಿದ್ದು, ಮರಣಕಾಲ ಸಮೀಪಿಸಿದಾಗ ಶಾಂತಿ ಪಡೆಯುವುದು.

ಆಂಟೋನಿಯಾನಸ್ ಎಂಬ ಬಿಷಪ್ಪನಿಗೆ ಬರೆದ ದೀರ್ಘ ಪತ್ರದಲ್ಲಿ ಸಿಪ್ರಿಯನ್ನನು ಮಾಡಿದ ವಿವೇಚನೆ ನೀತಿಶಾಸ್ತ್ರದ ಯಾವ ವಿದ್ಯಾರ್ಥಿಯೂ ಓದಬೇಕಾದುದು. ಕರೆ ಬಂದ ಕೂಡಲೇ ತಾನಾಗಿ ಓಡಿಹೋಗಿ ಬಲಿಯರ್ಪಿಸಿದವನೂ, ಬಹಳ ಹೊತ್ತು ಹೋರಾಡಿ ಕೊನೆಗೆ ಬಲಾತ್ಕಾರಕ್ಕೆ ಸೋತವನೂ ಒಂದೇ ಅಲ್ಲ. ಹೆಂಡತಿ ಮಕ್ಕಳನ್ನೂ ಮನೆಮಂದಿಯನ್ನೂ ಜೊತೆಗೆ ಎಳೆದುಕೊಂಡು ಹೋದವನೂ, ಅವರೆಲ್ಲರನ್ನೂ ಕಾಪಾಡುವುದಕ್ಕಾಗಿ ತಾನೊಬ್ಬನೇ ಹೋಗಿ ಕಳಂಕವನ್ನು ಹೊತ್ತುಕೊಂಡವನೂ ಒಂದೇ ಅಲ್ಲ. ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕುಳಿತ ಯಾರಿಗೂ ಈ ಮಾತಿನ ಸತ್ಯ ತಿಳಿದೀತು. ಪರೀಕ್ಷೆಯಲ್ಲಿ ನಕಲು ಮಾಡಿದ ಹತ್ತು ಹುಡುಗರು ಎದುರಿಗೆ ನಿಂತಾಗ ನಿಯಮದ ಪುಸ್ತಕಕ್ಕೆ ಹತ್ತು ಅಪರಾಧಗಳೂ ಸಮಾನ. ಆದರೆ ಚೀಟಿಯನ್ನು ಮಾರಿದವನು ಒಬ್ಬನಿರುತ್ತಾನೆ, ದೊಡ್ಡ ಹುಡುಗರ ಬೆದರಿಕೆಗೆ ಹೆದರಿ ಕೈಚಾಚಿದವನು ಒಬ್ಬನಿರುತ್ತಾನೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ನಿಯಮ ಉಳಿದೀತು, ಮಕ್ಕಳು ಉಳಿಯಲಾರರು.

ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮವೆಂಬ ಭಾಗವಿದೆ. ಕ್ಷಾಮಕಾಲದಲ್ಲಿ ಹಸಿವೆಯಿಂದ ಕಂಗೆಟ್ಟ ವಿಶ್ವಾಮಿತ್ರನು ಚಾಂಡಾಲನ ಗುಡಿಸಲಿನಿಂದ ನಾಯಿಯ ಮಾಂಸವನ್ನು ಕದಿಯಲು ಹೋದ ಕಥೆ ಅಲ್ಲಿ ಬರುತ್ತದೆ. ಆಪತ್ತಿನಲ್ಲಿ ಜೀವರಕ್ಷಣೆಗಾಗಿ ನಿಯಮ ಮೀರಬಹುದೆಂಬುದು ಅಲ್ಲಿನ ವಾದ. ಸಿಪ್ರಿಯನ್ನನು ಅಷ್ಟು ದೂರ ಬರಲಾರನು. ಬಲಿಯರ್ಪಿಸಿದ್ದು ಆತನ ದೃಷ್ಟಿಯಲ್ಲಿ ಯಾವ ಆಪತ್ತಿನಲ್ಲಿಯೂ ತಪ್ಪೇ. ಆದರೆ ತಪ್ಪು ಮಾಡಿದವನ ಮುಂದಿನ ದಾರಿಯನ್ನು ಗೊತ್ತುಮಾಡುವಾಗ ಆತನಿಗಿದ್ದ ಆಪತ್ತಿನ ಪ್ರಮಾಣವನ್ನು ಅಳೆಯಲೇಬೇಕು. ಒಂದು ಚಿಂತನೆ ಆಪತ್ತನ್ನು ನಿಯಮದೊಳಗೆ ಸೇರಿಸಿತು. ಇನ್ನೊಂದು ತೀರ್ಪಿನೊಳಗೆ ಸೇರಿಸಿತು. ಆಪತ್ತನ್ನು ಲೆಕ್ಕಕ್ಕೇ ತೆಗೆದುಕೊಳ್ಳದವನು ನೊವೇಷಿಯನ್.

ಈ ನಿಲುವೂ ಕಲ್ಲಿನಂತೆ ನಿಂತುಬಿಡಲಿಲ್ಲ. ಅಧಿಕಾರಿಗಳ ಎದುರು ಒಮ್ಮೆ ಗೆದ್ದು, ಮತ್ತೆ ಚಿತ್ರಹಿಂಸೆಗೆ ಒಳಗಾಗಿ ಸೋತ ಮೂವರು ಮೂರು ವರ್ಷ ಪಶ್ಚಾತ್ತಾಪದಲ್ಲಿದ್ದರು. ಅವರನ್ನು ಸೇರಿಸಿಕೊಳ್ಳಬಹುದೆಂದು ಸಿಪ್ರಿಯನ್ನನು ಅಭಿಪ್ರಾಯಪಟ್ಟನು. ಹೊಸ ಹಿಂಸೆಯ ಮೋಡ ಕವಿದಾಗ ಆತನೂ ಆತನ ಸಹವರ್ತಿಗಳೂ, ಪಶ್ಚಾತ್ತಾಪ ಮಾಡುತ್ತಿರುವ ಎಲ್ಲರಿಗೂ ತಕ್ಷಣ ಶಾಂತಿ ನೀಡಲು ತೀರ್ಮಾನಿಸಿದರು. ಯುದ್ಧಕ್ಕೆ ಹೋಗುವವರನ್ನು ನಿರಾಯುಧರಾಗಿ ಕಳುಹಿಸಬಾರದೆಂಬುದು ಅವರ ತರ್ಕ. ಮುನ್ನ ಕಾಯಿರಿ ಎಂದವನೇ ಈಗ ಬನ್ನಿರಿ ಎಂದನು.

ಇಷ್ಟರಲ್ಲಿ ಮಹಾಮಾರಿ ಬಂದಿತು. ಕಾರ್ಥೇಜಿನ ಬೀದಿಗಳಲ್ಲಿ ಹೆಣಗಳು ಬಿದ್ದವು. ಬಂಧುಗಳು ಬಂಧುಗಳನ್ನೇ ಹೊರಗೆ ಹಾಕಿದರು. ಸಿಪ್ರಿಯನ್ನನ ಚರಿತ್ರೆಯನ್ನು ಬರೆದ ಡೀಕನ್ ಪಾಂಟಿಯಸ್ ಹೇಳುವಂತೆ, ಆತನು ಕ್ರೈಸ್ತರನ್ನು ಕೂಡಿಸಿ, ನಮ್ಮವರ ಸೇವೆಯನ್ನಷ್ಟೇ ಮಾಡಿದರೆ ಅದರಲ್ಲಿ ಹೆಚ್ಚುಗಾರಿಕೆಯಿಲ್ಲವೆಂದು ತಿಳಿಹೇಳಿ, ಹಿಂಸಿಸಿದವರ ಸೇವೆಗೂ ಜನರನ್ನು ಹಚ್ಚಿದನು. ನುಮಿಡಿಯ ಪ್ರಾಂತದಲ್ಲಿ ದಾಳಿಕೋರರು ಕ್ರೈಸ್ತರನ್ನು ಸೆರೆಹಿಡಿದಾಗ ಅವರ ಬಿಡುಗಡೆಗಾಗಿ ಕಾರ್ಥೇಜಿನಲ್ಲಿ 1,00,000 ಸೆಸ್ಟರ್ಸ್ ನಾಣ್ಯಗಳ ವಂತಿಗೆ ಕೂಡಿತು. ತಾನು ಉಳಿಸಿಕೊಂಡ ಜೀವವನ್ನು ಆತನು ಹೇಗೆ ಬಳಸಿದನೆಂಬುದಕ್ಕೆ ಇವು ಲೆಕ್ಕಪತ್ರಗಳು.

ಆತನು ದೋಷರಹಿತನೆಂದು ನಾವು ಹೇಳುವುದಿಲ್ಲ. ಭಿನ್ನಮತೀಯರು ಕೊಟ್ಟ ದೀಕ್ಷಾಸ್ನಾನ ಸಲ್ಲದು, ಅಂಥವರಿಗೆ ಮತ್ತೆ ಸ್ನಾನ ಕೊಡಬೇಕು ಎಂದು ರೋಮಿನ ಬಿಷಪ್ ಸ್ಟೀಫನ್ನನೊಡನೆ ಕಟುವಾಗಿ ವಾದಿಸಿದನು. 256ರಲ್ಲಿ 87 ಬಿಷಪ್ಪರ ಪರಿಷತ್ತು ಆತನ ಪರವಾಗಿ ನಿಂತಿತು. ಆದರೆ ಮುಂದೆ ಪಶ್ಚಿಮದ ಧರ್ಮಸಭೆ ಆತನ ಅಭಿಪ್ರಾಯವನ್ನು ಒಪ್ಪಲಿಲ್ಲ. ಆತನನ್ನು ಅಪಾರವಾಗಿ ಗೌರವಿಸಿದ ಅಗಸ್ಟೀನನೂ ಈ ವಿಷಯದಲ್ಲಿ ಭಿನ್ನಮತ ತಾಳಿದನು.

ಚಕ್ರವರ್ತಿ ವಲೇರಿಯನ್ನನ ಕಾಲದಲ್ಲಿ ಎರಡನೆಯ ಪರೀಕ್ಷೆ ಬಂದಿತು. 257ರ ಆಗಸ್ಟ್ 30ರಂದು ಪ್ರಾಂತಾಧಿಪತಿ ಪಟೆರ್ನಸನು ಆತನನ್ನು ವಿಚಾರಿಸಿ, ಪಾದ್ರಿಗಳ ಹೆಸರುಗಳನ್ನು ಹೇಳೆಂದನು. ಚಾಡಿಕೋರತನವನ್ನು ನಿಮ್ಮ ಕಾನೂನೇ ನಿಷೇಧಿಸಿದೆ ಎಂಬ ಉತ್ತರದಿಂದ ಸಿಪ್ರಿಯನ್ನನು ಯಾರ ಹೆಸರನ್ನೂ ಕೊಡಲಿಲ್ಲ. ಕುರುಬಿಸ್ ಎಂಬ ಕಡಲತೀರದ ಊರಿಗೆ ಗಡೀಪಾರಾದನು. ಮರುವರ್ಷ ಬಿಷಪ್ಪರಿಗೂ ಪಾದ್ರಿಗಳಿಗೂ ನೇರವಾಗಿ ಮರಣದಂಡನೆ ಎಂಬ ಆಜ್ಞೆ ಬಂದಿತು. ಹೊಸ ಪ್ರಾಂತಾಧಿಪತಿ ಗಲೇರಿಯಸ್ ಮ್ಯಾಕ್ಸಿಮಸ್ ಆಗ ಯುಟಿಕಾ ನಗರದಲ್ಲಿದ್ದನು. ಅಲ್ಲಿಗೆ ಕರೆತರಲು ಆಳುಗಳನ್ನು ಕಳುಹಿಸಿದನು. ಸಿಪ್ರಿಯನ್ನನು ಮತ್ತೆ ಅಡಗಿದನು! ಆದರೆ ಈ ಸಲದ ಕಾರಣ ಬೇರೆ. ಬಿಷಪ್ ತನ್ನ ನಂಬಿಕೆಯನ್ನು ಸಾರಬೇಕಾದುದು ತನ್ನ ಊರಿನಲ್ಲಿ, ತನ್ನ ಜನರ ಎದುರಿಗೆ. ಬೇರೆ ಊರಿನಲ್ಲಿ ತಾನು ಸತ್ತರೆ ಆ ಸಾಕ್ಷ್ಯ ತನ್ನವರಿಗೆ ತಪ್ಪಿಹೋಗುತ್ತದೆ ಎಂದು ತನ್ನ ಕೊನೆಯ ಪತ್ರದಲ್ಲಿ ತಿಳಿಸಿದನು. ಪ್ರಾಂತಾಧಿಪತಿ ಕಾರ್ಥೇಜಿಗೆ ಬಂದೊಡನೆ ಆತನೂ ತನ್ನ ತೋಟಕ್ಕೆ ಬಂದು ಕುಳಿತನು. 250ರಲ್ಲಿ ಆತನ ಮರೆಯಾಗುವಿಕೆ ಜನರನ್ನು ಕಾಯುತ್ತಿತ್ತು. 258ರಲ್ಲಿ ಆಜ್ಞೆಯ ಗುರಿ ಆತನೇ. ಇನ್ನು ಮರೆಯಾದರೆ ಉಳಿಯುವುದು ಆತನ ತಲೆ ಮಾತ್ರ. ಬದಲಾದುದು ಸಂದರ್ಭ. ಕೇಳಿದ ಪ್ರಶ್ನೆ ಎರಡು ಸಲವೂ ಒಂದೇ: ಇದರಿಂದ ನನ್ನವರಿಗೇನು?

ಸೆಪ್ಟೆಂಬರ್ 13ರಂದು ಸೈನಿಕರು ಆತನನ್ನು ಹಿಡಿದರು. ವಿಚಾರಣೆ ಮರುದಿನಕ್ಕೆ ಹೋಯಿತು. ಆ ರಾತ್ರಿ ಆತನನ್ನಿಟ್ಟ ಅಧಿಕಾರಿಯ ಮನೆಯ ಮುಂದಿನ ಬೀದಿಯಲ್ಲಿ ಜನ ಜಾಗರಣೆಯಿದ್ದರು. ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದಾರೆ, ಅವರಿಗೆ ತೊಂದರೆಯಾಗದಂತೆ ನೋಡಿಕೊಳ್ಳಿರಿ ಎಂದು ಆತನು ಒಳಗಿನಿಂದ ಹೇಳಿಕಳುಹಿಸಿದನು. ಮರುದಿನ ತೀರ್ಪನ್ನು ಕೇಳಿ ದೇವರಿಗೆ ಕೃತಜ್ಞತೆ ಸಲ್ಲಿಸಿದನು. ತನ್ನ ಶಿರಚ್ಛೇದ ಮಾಡುವವನಿಗೆ 25 ಬಂಗಾರದ ನಾಣ್ಯಗಳನ್ನು ಕೊಡಿಸಿದನು. ಸಾವಿನ ಮುನ್ನಾದಿನವೂ ಬೇರೆಯವರ ಮಕ್ಕಳ ಚಿಂತೆ ಮಾಡಿದ ಮನಸ್ಸಿಗೆ ಹಿಂದಿನ ಅಜ್ಞಾತವಾಸದಲ್ಲಿ ಸ್ವಂತ ಜೀವದ ಚಿಂತೆಯೊಂದೇ ಇತ್ತೆಂದು ನಂಬುವುದು ನಮಗಂತೂ ಕಷ್ಟ.

ನಮ್ಮಲ್ಲಿ ಹೆಚ್ಚಿನವರಿಗೆ ಖಡ್ಗದ ಪರೀಕ್ಷೆ ಬಾರದು. ಆದರೆ ಪ್ರಮಾಣಪತ್ರದ ಪರೀಕ್ಷೆ ಎಲ್ಲರಿಗೂ ಬರುತ್ತದೆ: ಒಪ್ಪದ ಕಾಗದಕ್ಕೆ ಸಹಿ, ನಂಬದ ಮಾತಿಗೆ ತಲೆದೂಗು, ಆಡಬೇಕಾದ ಹೊತ್ತಿನಲ್ಲಿ ಮೌನ. ಆಗ ನಾನು ಮರೆಯಾಗುತ್ತಿರುವುದು ಯಾರಿಗಾಗಿ ಎಂದು ತನ್ನನ್ನು ತಾನು ಕೇಳಿಕೊಳ್ಳುವವನು ಟೆರ್ಟುಲಿಯನ್ನನಷ್ಟು ನಿಷ್ಠುರನಾಗಿರಲಿ. ಪಕ್ಕದವನು ಮಣಿದುದನ್ನು ಕಂಡಾಗ ಮಾತ್ರ ಅವನು ಎಷ್ಟು ಹೊತ್ತು ಹೋರಾಡಿದನು, ಯಾರನ್ನು ಕಾಪಾಡಲು ಬಿದ್ದನು ಎಂದು ಸಿಪ್ರಿಯನ್ನನಂತೆ ವಿಚಾರಿಸುವ ತಾಳ್ಮೆ ಇರಲಿ. ಲೋಕದಲ್ಲಿ ನಾವು ಕಾಣುವುದು ಬಹುಮಟ್ಟಿಗೆ ಇದರ ತಿರುವುಮುರುವನ್ನೇ ಆದುದರಿಂದ, ಹದಿನೇಳು ಶತಮಾನಗಳಿಗೂ ಹಿಂದಿನ ಈ ಬಿಷಪ್ಪನ ಪತ್ರಗಳು ಇನ್ನೂ ಹಳೆಯವಾಗಿಲ್ಲ.